ಗೋಡೆಯಾಚೆ ಮಲಗಿದವರು

ರಾತ್ರಿ ಹತ್ತು ದಾಟಿದ ಮೇಲೆ ಮಗಳು ಗಿಟಾರ್ ಎತ್ತಿಕೊಂಡರೆ ನಾನು ಅಡುಗೆಮನೆಯಿಂದಲೇ ಕೂಗುತ್ತೇನೆ: "ಮೆಲ್ಲಗೆ ಬಾರಿಸೇ, ಕೆಳಗಡೆ ಅಜ್ಜಿ ಮಲಗಿದ್ದಾರೆ." ಅವಳು ಕೈಯಲ್ಲಿದ್ದ ಪ್ಲಾಸ್ಟಿಕ್ ಪಿಕ್ಕನ್ನು ತಂತಿಗಳ ನಡುವೆ ಸಿಕ್ಕಿಸಿಟ್ಟು ಹೆಬ್ಬೆರಳಿನಿಂದ ತಂತಿ ಸವರತೊಡಗುತ್ತಾಳೆ. ಅಲ್ಲಿಯವರೆಗೆ ಗಾಜಿನ ಚೂರಿನಂತೆ ಕೇಳುತ್ತಿದ್ದ ಸ್ವರ ಒಮ್ಮೆಲೇ ಬೆಣ್ಣೆಯಾಗುತ್ತದೆ. ಕೆಳಮನೆಯ ಅಜ್ಜಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅವರು ನಿದ್ದೆಯಲ್ಲಿರುತ್ತಾರೆ.

ಗೋಡೆಗೆ ಗೋಡೆ ಅಂಟಿಕೊಂಡ ಊರುಗಳಲ್ಲಿ ಇದು ದಿನಾ ಕೇಳುವ ಮಾತು. ಟಿವಿ ಸಣ್ಣ ಮಾಡಿ, ಬಾಗಿಲು ಮೆಲ್ಲಗೆ ಹಾಕಿ, ಮಿಕ್ಸಿ ಈಗ ಬೇಡ. ಇಂಥದೇ ಒಂದು ಮಾತಿನಿಂದ ಇಪ್ಪತ್ತನೇ ಶತಮಾನದ ಅತ್ಯಂತ ಸುಂದರವಾದ ಗಿಟಾರ್ ದನಿಯೊಂದು ಹುಟ್ಟಿತು ಎಂದು ತಿಳಿದ ಮೇಲೆ, ಮಗಳಿಗೆ ಆ ಮಾತು ಹೇಳುವಾಗಲೆಲ್ಲ ನನಗೆ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ.

ಆ ದನಿ ವೆಸ್ ಮಾಂಟ್‌ಗೊಮರಿ ಅವರದು. ಅಮೆರಿಕದ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್ ನಗರದಲ್ಲಿ 1923ರ ಮಾರ್ಚ್ 6ರಂದು ಹುಟ್ಟಿದವರು. ಜಾಝ್ ಕೇಳುವವರಿಗೆ ಅವರ ಪರಿಚಯ ಮಾಡಿಕೊಡಬೇಕಿಲ್ಲ. ಕೇಳದವರಿಗೆ ನಾನು ಹೇಳುವುದಿಷ್ಟು: ನಮ್ಮವರು ಯಾರಾದರೂ ಫೋನ್ ಮಾಡಿ, ಹೆಸರು ಹೇಳದೆ ಬರೀ "ನಾನು" ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದಲ್ಲವೆ? ವೆಸ್ ಅವರ ಗಿಟಾರ್ ಹಾಗೆ. ಎರಡು ಸ್ವರ ಕೇಳಿದರೆ ಸಾಕು, "ನಾನು" ಎಂದಂತಾಗುತ್ತದೆ. ಅದೇ ಗಿಟಾರ್, ಅದೇ ಆರು ತಂತಿ, ಎಲ್ಲರಿಗೂ ದಕ್ಕುವ ಅವೇ ಹನ್ನೆರಡು ಸ್ವರಸ್ಥಾನ. ಅದರೊಳಗೆ ಒಬ್ಬ ಮನುಷ್ಯ, ಇನ್ನೊಬ್ಬರದೆಂದು ಯಾರೂ ಭ್ರಮಿಸಲಾಗದ ದನಿಯನ್ನು ಕಂಡುಕೊಳ್ಳುವುದು ಹೇಗೆ? ನನ್ನ ಬೆರಗು ಅಲ್ಲಿಂದ ಶುರುವಾಗುತ್ತದೆ.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಅಣ್ಣ ಮಾಂಕ್ ಕೊಡಿಸಿದ ನಾಲ್ಕು ತಂತಿಯ ಟೆನರ್ ಗಿಟಾರ್ ವೆಸ್ ಅವರ ಮೊದಲ ವಾದ್ಯ. ಆದರೆ ನಿಜವಾದ ಆರಂಭ ಆದದ್ದು ಇಪ್ಪತ್ತರ ಆಸುಪಾಸಿನಲ್ಲಿ, ಮದುವೆಯಾದ ಹೊಸತರಲ್ಲಿ. ಚಾರ್ಲಿ ಕ್ರಿಶ್ಚಿಯನ್ ನುಡಿಸಿದ 'ಸೋಲೋ ಫ್ಲೈಟ್' ಎಂಬ ರೆಕಾರ್ಡ್ ಅವರ ಕಿವಿಗೆ ಬಿತ್ತು. ಎಲೆಕ್ಟ್ರಿಕ್ ಗಿಟಾರನ್ನು ಸ್ಯಾಕ್ಸೊಫೋನಿನಂತೆ ಮುಂದಿನ ಸಾಲಿಗೆ ತಂದು ನಿಲ್ಲಿಸಿದವರು ಕ್ರಿಶ್ಚಿಯನ್. ಬೆನ್ನಿ ಗುಡ್‌ಮನ್ ಅವರ ತಂಡದಲ್ಲಿ ಎರಡೇ ವರ್ಷಗಳಲ್ಲಿ ಜಗತ್ತಿನ ಗಿಟಾರನ್ನೇ ಬದಲಿಸಿ, 1942ರ ಮಾರ್ಚಿನಲ್ಲಿ, 25ರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡರು. ವೆಸ್ ಒಂದು ಆರು ತಂತಿಯ ಗಿಟಾರ್, ಒಂದು ಆ್ಯಂಪ್ಲಿಫೈಯರ್ ಕೊಂಡುತಂದು, ಆ ರೆಕಾರ್ಡುಗಳ ಮುಂದೆ ಕೂತುಬಿಟ್ಟರು. ಪಾಠ ಹೇಳಿಕೊಡುವವರಿಲ್ಲ. ಸ್ವರಲಿಪಿ ಓದಲು ಬಾರದು, ಕೊನೆಯವರೆಗೂ ಬರಲಿಲ್ಲ. ಮುಳ್ಳು ಎತ್ತಿ ಹಿಂದಕ್ಕಿಟ್ಟು, ಮತ್ತೆ ಕೇಳಿ, ಒಂದೊಂದೇ ಸ್ವರ ಹೆಕ್ಕಿದರು.

ಗುರು ಇಲ್ಲದೆ, ಗುರುವಿನ ಪ್ರತಿಮೆಯ ಮುಂದೆ ಕೂತು ಕಲಿತವನ ಕತೆ ನಮಗೆ ಗೊತ್ತು. ಹೆಬ್ಬೆರಳು ಎಂದೊಡನೆ ನಮ್ಮ ಮನಸ್ಸು ಏಕಲವ್ಯನ ಹತ್ತಿರ ಹೋಗುತ್ತದೆ. ವೆಸ್ ಅವರ ಮುಂದಿದ್ದದ್ದು ಮಣ್ಣಿನ ಪ್ರತಿಮೆಯ ಬದಲು ಅರಗಿನ ಕಪ್ಪು ತಟ್ಟೆ. ಆ ಗುರುವಿಗೆ ದಕ್ಷಿಣೆ ಕೇಳುವ ಬಾಯಿ ಇರಲಿಲ್ಲ. ಅದೊಂದು ಭಾಗ್ಯ.

ಹಗಲು ಕೆಲಸ, ರಾತ್ರಿ ಸಾಧನೆ. ಆ್ಯಂಪ್ಲಿಫೈಯರ್ ಹಾಕಿ ಪಿಕ್ಕಿನಿಂದ ಮೀಟಿದರೆ ಸದ್ದು ಗೋಡೆ ದಾಟುತ್ತದೆ. ಮುಂದಿನದನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ನೆರೆಯವರು ದೂರಿದರು ಎನ್ನುವುದು ಒಂದು. ಹೆಂಡತಿಯೇ ಸದ್ದು ತಡೆಯಲಾರದೆ ಬೇಸರಪಟ್ಟರು ಎನ್ನುವುದು ಇನ್ನೊಂದು. ಎರಡೂ ನಿಜವಿರಬಹುದು; ರಾತ್ರಿಯ ಸದ್ದಿಗೆ ಮನೆಯವರು, ಪಕ್ಕದವರು ಎಂಬ ಭೇದವಿಲ್ಲ. ವೆಸ್ ಪಿಕ್ ಕೆಳಗಿಟ್ಟರು. ಹೆಬ್ಬೆರಳಿನ ಪಕ್ಕದ ಮಾಂಸಲ ಭಾಗದಿಂದ ತಂತಿಯನ್ನು ಒತ್ತಿ ಬಿಡತೊಡಗಿದರು. ಆ ರಾತ್ರಿ ಯಾವುದೆಂದು ಯಾರೂ ಬರೆದಿಟ್ಟಿಲ್ಲ. ಅಂದು ಮನೆಯಲ್ಲಿ ನಡೆದದ್ದು ಇಷ್ಟೇ: ಒಬ್ಬ ಗಂಡ ಸದ್ದು ಕಡಿಮೆ ಮಾಡಿದ.

ಪಿಕ್ಕು ಗಟ್ಟಿ, ಚೂಪು. ತಂತಿಯನ್ನು ಒಂದೇ ಬಿಂದುವಿನಲ್ಲಿ ತಾಕಿ ಥಟ್ಟನೆ ಬಿಡುತ್ತದೆ. ಹಾಗೆ ಬಿಟ್ಟ ತಂತಿಯಲ್ಲಿ ಮೂಲ ಸ್ವರದ ಜೊತೆಗೆ ಮೇಲಿನ ಸಣ್ಣಸಣ್ಣ ಉಪಸ್ವರಗಳೆಲ್ಲ ಎದ್ದು ಬರುತ್ತವೆ. ಹೊಳಪು, ಮೊನಚು ಅವುಗಳಿಂದ. ಹೆಬ್ಬೆರಳಿನ ಮಾಂಸ ಅಗಲ, ಮೆದು. ತಂತಿಯನ್ನು ಸವರಿಕೊಂಡು ದಾಟುವಾಗಲೇ ಅದು ಆ ಮೇಲಿನ ಕಂಪನಗಳನ್ನು ನುಂಗಿಬಿಡುತ್ತದೆ. ಉಳಿಯುವುದು ಸ್ವರದ ತಿರುಳು. ದುಂಡಗೆ, ಬೆಚ್ಚಗೆ, ಎದೆಯಿಂದ ಬಂದ ಮಾತಿನ ಹಾಗೆ. ಗೋಡೆಯಾಚೆಯವರ ನಿದ್ದೆ ಕೆಡಿಸುವುದೂ ಆ ಮೊನಚೇ, ಸ್ವರದ ತಿರುಳನ್ನು ಮುಚ್ಚುವುದೂ ಆ ಮೊನಚೇ ಎಂದು ಯೋಚಿಸಿದಾಗ ನನಗೆ ಆಶ್ಚರ್ಯವಾಗುತ್ತದೆ. ಪಕ್ಕದ ಮನೆಯವರಿಗಾಗಿ ತೆಗೆದುಹಾಕಿದ್ದು ಸಂಗೀತಕ್ಕೂ ಬೇಡವಾಗಿತ್ತು.

ಇಲ್ಲಿಗೇ ನಿಂತಿದ್ದರೆ ಇದನ್ನು ಆಕಸ್ಮಿಕ ಎಂದು ಬಿಡಬಹುದಿತ್ತು. ವೆಸ್ ಆಮೇಲೆ ಪಿಕ್ಕನ್ನು ಮತ್ತೆ ಕೈಗೆತ್ತಿಕೊಂಡು ನೋಡಿದವರು. ಪಿಕ್ಕಿನಲ್ಲಿ ವೇಗ ಹೆಚ್ಚು, ಕೈಗೆ ಸಲೀಸು ಎಂಬುದು ಅವರಿಗೆ ಗೊತ್ತಿತ್ತು. ಹಾಗೆಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೂ ಹೆಬ್ಬೆರಳಿನ ಸ್ವರವೇ ಬೇಕೆನಿಸಿತು. ವೇಗವನ್ನು ಬಿಟ್ಟುಕೊಟ್ಟು ನಾದವನ್ನು ಇಟ್ಟುಕೊಂಡರು. ಹೆಬ್ಬೆರಳು ಕಳೆದುಕೊಂಡ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟನಂತೆ; ಮೊದಲಿನ ವೇಗ ಬರಲಿಲ್ಲ ಎನ್ನುತ್ತದೆ ಮಹಾಭಾರತ. ಇಲ್ಲಿ ಹೆಬ್ಬೆರಳನ್ನು ಆರಿಸಿಕೊಂಡದ್ದಕ್ಕೆ ವೇಗ ಹೋಯಿತು. ಸಂಗೀತ ಕಲಿಯುವ ಮಕ್ಕಳ ತಂದೆತಾಯಂದಿರಲ್ಲಿ ನಾನು ಕಾಣುವ ದೊಡ್ಡ ಆತಂಕ ವೇಗದ್ದು. ನನ್ನದೂ ಅದೇ ಆಗಿತ್ತು.

ಮೊದಲ ಅವಕಾಶ ಸಿಕ್ಕಿದ್ದು ಊರಿನ 440 ಕ್ಲಬ್ಬಿನಲ್ಲಿ. ಅಲ್ಲಿ ವೆಸ್ ಮಾಡಿದ್ದು ಕ್ರಿಶ್ಚಿಯನ್ ಅವರ ಸೋಲೋಗಳನ್ನು ಸ್ವರಕ್ಕೆ ಸ್ವರ ಒಪ್ಪಿಸಿದ್ದು. ಕಲಿತದ್ದೆಲ್ಲ ಮುಗಿದ ಮೇಲೆ ಅವರ ಬಳಿ ನುಡಿಸಲು ಬೇರೇನೂ ಇರುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಈ ವಿವರ ನನಗೆ ತುಂಬ ಪ್ರಿಯವಾದುದು. ಜಗತ್ತಿನಲ್ಲೇ ಬೇರೆಯಾಗಿ ಕೇಳಿಸಿದ ಮನುಷ್ಯ, ಮೊದಲು ಪೂರ್ತಿ ಇನ್ನೊಬ್ಬರಾಗಿದ್ದರು. ಅನುಕರಣೆಯನ್ನು ನಾವು ಹಗುರವಾಗಿ ಕಾಣುತ್ತೇವೆ. ಆದರೆ ಇನ್ನೊಬ್ಬರ ದನಿಯೊಳಗೆ ಹೊಕ್ಕು, ಅದರ ಕೊನೆಯ ಗೋಡೆಯವರೆಗೆ ನಡೆದು, "ಇಲ್ಲಿಂದ ಮುಂದೆ ದಾರಿಯಿಲ್ಲ" ಎಂದು ಸುಮ್ಮನೆ ಕೂತವರಿಗಷ್ಟೇ ತಮ್ಮ ಬಾಗಿಲು ಕಾಣಬಹುದು. ಆ ವೇದಿಕೆಯ ಮೇಲೆ ಕೈಕಟ್ಟಿ ಕೂತ ಹುಡುಗನ ಮೌನವನ್ನು ಕೇಳಬೇಕೆಂದು ನನಗೆ ಆಸೆ. ಅದು ಯಾವ ರೆಕಾರ್ಡಿನಲ್ಲೂ ಇಲ್ಲ.

ಇನ್ನು ಆಕ್ಟೇವ್. ನಮ್ಮ ಭಾಷೆಯಲ್ಲಿ ಸ್ಥಾಯಿ. ಅಪ್ಪನೂ ಪುಟ್ಟ ಮಗಳೂ ಒಟ್ಟಿಗೆ ದೇವರನಾಮ ಹಾಡುವಾಗ ಇಬ್ಬರೂ ಹಾಡುವುದು ಒಂದೇ ರಾಗ, ಒಂದೇ ಸಾಲು. ಅವಳದು ಒಂದು ಸ್ಥಾಯಿ ಮೇಲೆ, ಅವನದು ಒಂದು ಸ್ಥಾಯಿ ಕೆಳಗೆ. ಕೆಳಗಿನ ಸ್ವರ ಸೆಕೆಂಡಿಗೆ 220 ಸಲ ಕಂಪಿಸಿದರೆ ಮೇಲಿನದು 440 ಸಲ. ಕಿವಿ ಅವೆರಡನ್ನೂ ಜಗಳವಿಲ್ಲದೆ ಒಂದೇ ಸ್ವರವೆಂದು ಒಪ್ಪಿಕೊಳ್ಳುತ್ತದೆ. ವೆಸ್ ಒಂದೇ ಗಿಟಾರಿನಲ್ಲಿ ಅಪ್ಪ ಮಗಳು ಇಬ್ಬರನ್ನೂ ಹಾಡಿಸಿದರು.

ಮಗಳು ಶಾಲೆಗೆ ಹೋದ ಒಂದು ಮಧ್ಯಾಹ್ನ ಅವಳ ಗಿಟಾರ್ ತೆಗೆದುಕೊಂಡು ನಾನು ಇದನ್ನು ಮಾಡಿ ನೋಡಿದೆ. ಎಡಗೈ ತೋರುಬೆರಳು ದಪ್ಪ ತಂತಿಯೊಂದರ ಮೇಲೆ. ಒಂದು ತಂತಿ ಬಿಟ್ಟು ಅದರಾಚೆಯ ತಂತಿಯ ಮೇಲೆ, ಎರಡು ಮೆಟ್ಟು ಮುಂದೆ, ಕಿರುಬೆರಳು. ಸಣ್ಣ ತಂತಿಗಳ ಕಡೆ ಹೋದರೆ ಎರಡರ ಬದಲು ಮೂರು ಮೆಟ್ಟಾಗುತ್ತದೆ, ಅಂಗೈ ಇನ್ನಷ್ಟು ಹಿಗ್ಗಬೇಕು. ನಡುವೆ ಬಿಟ್ಟ ತಂತಿ ನುಡಿಯಕೂಡದು. ತೋರುಬೆರಳಿನ ಒಳಬದಿ ಅದನ್ನು ಮುಟ್ಟಿಯೂ ಮುಟ್ಟದಂತೆ ತಾಕಿ ಸುಮ್ಮನಾಗಿಸಬೇಕು. ಈಗ ಬಲಗೈ ಹೆಬ್ಬೆರಳು ಮೂರೂ ತಂತಿಗಳನ್ನು ಒಂದೇ ಬೀಸಿಗೆ ದಾಟಬೇಕು. ಎರಡು ಹಾಡುತ್ತವೆ, ನಡುವಿನದು 'ತಕ್' ಎಂದು ಕೆಮ್ಮುತ್ತದೆ. ಆ 'ತಕ್' ಕೂಡ ವೆಸ್ ಅವರ ದನಿಯ ಪಾಲು. ಮೃದಂಗದ ಮುಚ್ಚು ಪೆಟ್ಟಿನಂತೆ ಅದು ಪ್ರತಿ ಸ್ವರದ ಬೆನ್ನಿಗೆ ನಿಂತಿರುತ್ತದೆ. ಅರ್ಧ ಗಂಟೆಯಲ್ಲಿ ನನಗೆ ಸರಿಯಾಗಿ ಸಿಕ್ಕಿದ್ದು ನಾಲ್ಕು ಸ್ವರ. ಹೆಬ್ಬೆರಳ ಪಕ್ಕ ಕೆಂಪಗಾಗಿ ಉರಿಯುತ್ತಿತ್ತು, ಮುಂಗೈಯ ನರ ಹಿಡಿದುಕೊಂಡಿತ್ತು. ವೆಸ್ ಇದೇ ಆಕಾರದಲ್ಲಿ ಕೈಯನ್ನಿಟ್ಟುಕೊಂಡು, ಬೇರೆಯವರು ಬಿಡಿ ಸ್ವರಗಳನ್ನು ನುಡಿಸುವಷ್ಟು ಸರಾಗವಾಗಿ ಗಿಟಾರಿನ ಕುತ್ತಿಗೆಯುದ್ದಕ್ಕೂ ಓಡಾಡುತ್ತಾರೆ. ಮೊದಮೊದಲು ಅದರಿಂದ ತಲೆನೋವು ಬರುತ್ತಿತ್ತು ಎಂದು ಅವರೇ ಹೇಳಿದ್ದರಂತೆ. ನನಗೆ ಅದು ಅತಿಶಯೋಕ್ತಿ ಎನಿಸಲಿಲ್ಲ.

ಗಿಟಾರಿನಲ್ಲಿ ಸ್ಥಾಯಿ ಜೋಡಿಸುವುದನ್ನು ಅವರೇ ಮೊದಲು ಕಂಡುಹಿಡಿದರು ಎನ್ನಲಾಗದು. ಫ್ರಾನ್ಸಿನಲ್ಲಿ ಜ್ಯಾಂಗೊ ರೈನ್‌ಹಾರ್ಟ್ ಅದಕ್ಕಿಂತ ಮುಂಚೆಯೇ ಅದನ್ನು ಬಳಸಿದ್ದರು. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೆ ಉಳಿದ ಬೆರಳುಗಳಲ್ಲೇ ಒಂದು ಲೋಕ ಕಟ್ಟಿದವರು ಅವರು. ಅವರಲ್ಲಿ ಅದು ಹಾಡಿನ ನಡುವೆ ಬಂದು ಹೋಗುವ ಒಂದು ಅಲಂಕಾರ. ವೆಸ್ ಅದರಲ್ಲಿ ಮನೆ ಮಾಡಿದರು.

ಇಷ್ಟು ಹೇಳಿದ ಮೇಲೆ ನನಗೊಂದು ಅಳುಕು. ಒಬ್ಬ ಮನುಷ್ಯ, ಒಂದು ಕೋಣೆ, ಒಂದು ಹೆಬ್ಬೆರಳು ಎಂದು ಹೇಳಿದರೆ ಕತೆ ಚೆಂದವಾಗಿಯೇ ಇರುತ್ತದೆ. ಆದರೆ ನಿಜ ಅರ್ಧಕ್ಕೆ ನಿಲ್ಲುತ್ತದೆ. ಕೋಣೆಯಲ್ಲಿ ಸಿಕ್ಕಿದ್ದು ನಾದ. ಆ ನಾದ ಮಾತಾಗಿದ್ದು ಜೊತೆಗಾರರ ನಡುವೆ.

ಇಂಡಿಯಾನಾಪೊಲಿಸ್ಸಿನಲ್ಲಿ ಇಂಡಿಯಾನಾ ಅವೆನ್ಯೂ ಎಂಬ ರಸ್ತೆಯಿತ್ತು. ವರ್ಣಭೇದದ ಕಾಲ, ಕಪ್ಪು ಜನ ಎಲ್ಲಿ ಬೇಕಾದರೂ ಮನೆ ಮಾಡುವಂತಿರಲಿಲ್ಲ, ಎಲ್ಲಿ ಬೇಕಾದರೂ ಕೂತು ಊಟ ಮಾಡುವಂತಿರಲಿಲ್ಲ. ಅವರ ಮಕ್ಕಳಿಗೆಂದೇ 1927ರಲ್ಲಿ ಬೇರೆ ಹೈಸ್ಕೂಲು ತೆರೆದಿದ್ದರು, ಕ್ರಿಸ್ಪಸ್ ಆಟಕ್ಸ್ ಹೆಸರಿನಲ್ಲಿ. ದೂರವಿಡಲು ಕಟ್ಟಿದ ಆ ಗೋಡೆಗಳೊಳಗೆ ಎಂಥ ಸಂಗೀತ ಬೆಳೆಯಿತು! ಟ್ರೊಂಬೋನಿನ ಜೆ. ಜೆ. ಜಾನ್ಸನ್, ಟ್ರಂಪೆಟ್ಟಿನ ಫ್ರೆಡಿ ಹಬರ್ಡ್ ಈ ಊರಿನವರು. 1957ರ ಕೊನೆಯಲ್ಲಿ ಹತ್ತೊಂಬತ್ತರ ಹಬರ್ಡ್ ತಮ್ಮ ಮೊದಲ ಧ್ವನಿಮುದ್ರಣ ಮಾಡಿದ್ದು ಮಾಂಟ್‌ಗೊಮರಿ ಸೋದರರ ಜೊತೆಗೇ.

ಸೋದರರು ಮೂವರು. ಅಣ್ಣ ಮಾಂಕ್ ಬಾಸ್ ನುಡಿಸುವವರು. ಆಗಷ್ಟೇ ಬಂದಿದ್ದ ಎಲೆಕ್ಟ್ರಿಕ್ ಬಾಸನ್ನು ಜಾಝಿಗೆ ತಂದ ಮೊದಲಿಗರಲ್ಲಿ ಒಬ್ಬರು. ತಮ್ಮ ಬಡ್ಡಿ ಪಿಯಾನೊ ಮತ್ತು ವೈಬ್ರಫೋನ್ ನುಡಿಸುವವರು. ಒಂದೇ ಮನೆಯಲ್ಲಿ ಬೆಳೆದವರು ಸೇರಿ ನುಡಿಸುವಾಗ ಹೇಳಿಕೊಳ್ಳಬೇಕಾದ್ದು ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ. ಮದುವೆ ಮನೆಯಲ್ಲಿ ಅಕ್ಕತಂಗಿಯರು ಅಡುಗೆಗೆ ನಿಂತಾಗ ನೋಡಿ. ಒಬ್ಬಳು ಕೈಚಾಚುವುದರೊಳಗೆ ಇನ್ನೊಬ್ಬಳು ಸೌಟು ಕೊಟ್ಟಿರುತ್ತಾಳೆ. ಕಾಗದದ ಮೇಲಿನ ಸ್ವರ ಓದಲು ಬಾರದ ವೆಸ್‌ಗೆ ಇಂಥ ಸಂಗ ಅಗತ್ಯವೇ ಆಗಿತ್ತು. ಅವರ ತಂಡದಲ್ಲಿ ಎಲ್ಲವೂ ಕಿವಿಯಿಂದ ಕಿವಿಗೆ.

1948ರಿಂದ ಎರಡು ವರ್ಷ ವೆಸ್ ಲಯನಲ್ ಹ್ಯಾಂಪ್ಟನ್ ಅವರ ದೊಡ್ಡ ತಂಡದೊಂದಿಗೆ ಊರೂರು ತಿರುಗಿದರು. ವಿಮಾನವೆಂದರೆ ಭಯ, ಎಷ್ಟೇ ದೂರವಾದರೂ ಕಾರಿನಲ್ಲೇ ಪಯಣ. ಮನೆಯ ಹಂಬಲ ಹೆಚ್ಚಿ ಊರಿಗೆ ಹಿಂದಿರುಗಿದ ಮೇಲೆ ಎಂಟು ಜನರ ಸಂಸಾರ ಕೈಹಿಡಿದು ಜಗ್ಗಿತು. ಬೆಳಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಕಾರ್ಖಾನೆ. ರಾತ್ರಿ 9ರಿಂದ 2ರವರೆಗೆ ಟರ್ಫ್ ಬಾರಿನಲ್ಲಿ ಗಿಟಾರ್. ಅದು ಮುಗಿದ ಮೇಲೆ ಮಿಸೈಲ್ ರೂಮ್ ಎಂಬ ಇನ್ನೊಂದು ಕ್ಲಬ್ಬಿನಲ್ಲಿ ಬೆಳಗಿನ ಜಾವದವರೆಗೆ ಮತ್ತೆ ಗಿಟಾರ್. ಮತ್ತೆ 7ಕ್ಕೆ ಕಾರ್ಖಾನೆ. ಈ ವೇಳಾಪಟ್ಟಿಯನ್ನು ಮೊದಲ ಸಲ ಓದಿದಾಗ ನಾನು ಕೂಡಿಸಿ ಕಳೆದು ನೋಡಿದೆ. ಪಕ್ಕದವರ ನಿದ್ದೆ ಕಾಯಲೆಂದು ಪಿಕ್ ಕೆಳಗಿಟ್ಟ ಮನುಷ್ಯನಿಗೆ ತನ್ನದೆನ್ನುವ ನಿದ್ದೆಗೆ ಇರುಳಿನಲ್ಲಿ ಜಾಗವೇ ಉಳಿದಿರಲಿಲ್ಲ.

ಮಿಸೈಲ್ ರೂಮಿನ ಆ ಅಪರಾತ್ರಿಗಳಲ್ಲಿ ಅವರ ಜೊತೆಗಿದ್ದವರು ಇಬ್ಬರು. ಹ್ಯಾಮಂಡ್ ಆರ್ಗನ್ನಿನ ಮೆಲ್ವಿನ್ ರೈನ್, ಡ್ರಮ್ಮಿನ ಪಾಲ್ ಪಾರ್ಕರ್. ರೈನ್ ಅವರಿಗಿನ್ನೂ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಆರ್ಗನ್ ಎಂಬುದು ಎಂಥ ವಾದ್ಯವೆಂದರೆ, ಮನಸ್ಸು ಮಾಡಿದರೆ ಇಡೀ ತಂಡವನ್ನು ಕಂಬಳಿ ಹೊದಿಸಿದಂತೆ ಮುಚ್ಚಿಬಿಡಬಲ್ಲದು. ಗಿಟಾರಿನ ಸ್ವರ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಆರ್ಗನ್ನಿನ ಸ್ವರ ಬೆರಳೆತ್ತುವವರೆಗೂ ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಆರುವ ಹಣತೆ ಮತ್ತು ಆರದ ಟ್ಯೂಬ್‌ಲೈಟ್ ಪಕ್ಕಪಕ್ಕ ಇಟ್ಟಂತೆ. ಹಣತೆಯ ಬೆಳಕು ಕಾಣಬೇಕಾದರೆ ಟ್ಯೂಬ್‌ಲೈಟು ಏನು ಮಾಡಬೇಕು? ರೈನ್ ಮಾಡಿದ್ದನ್ನು ಕೇಳಿ. ಸ್ವರವನ್ನು ಒತ್ತಿದ ಕೂಡಲೇ ಬೆರಳು ಎತ್ತುತ್ತಾರೆ. ಅಲ್ಲೊಂದು ಇಲ್ಲೊಂದು, ಗಿಡ್ಡ ಗಿಡ್ಡ, ಒಣ ಒಣ ಸ್ವರಗುಚ್ಛ. ಗಿಟಾರಿನ ಸಾಲು ಉಸಿರೆಳೆದುಕೊಳ್ಳಲು ನಿಂತಾಗ ಅಲ್ಲಿ ಒಂದು ತುಣುಕು, ಮತ್ತೆ ಮೌನ. ಆ ಕಾಲದ ಆರ್ಗನ್ನಿನವರ ಅಬ್ಬರದ ನಡುವೆ ಇದೇನು ಸಪ್ಪೆ ಎನಿಸಬಹುದು. ನನ್ನ ಕಿವಿಗೆ ಜಾಝ್‌ನಲ್ಲಿ ಕೇಳಿದ ಅತ್ಯಂತ ಸಂಸ್ಕಾರವಂತ ವಾದನಗಳಲ್ಲಿ ಅದೊಂದು. ಒಂದು ಇರುಳು ವೆಸ್ ಗೋಡೆಯಾಚೆಯವರಿಗಾಗಿ ಮಾಡಿದ್ದನ್ನೇ ರೈನ್ ಪ್ರತಿ ರಾತ್ರಿ, ಪ್ರತಿ ಹಾಡಿನಲ್ಲಿ, ವೆಸ್‌ಗಾಗಿ ಮಾಡಿದರು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ಪಿಟೀಲು ವಿದ್ವಾಂಸರು ಗಾಯಕರ ಆಲಾಪನೆಯ ಬಾಲ ಹಿಡಿದು, ಅರ್ಧ ಹೆಜ್ಜೆ ಹಿಂದೆ, ನೆರಳಿನಂತೆ ಬರುತ್ತಾರೆ. ಆ ನೆರಳು ಇಲ್ಲದಿದ್ದರೆ ಗಾಯಕರ ದನಿಯ ಅಂಚು ನಮಗೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬಾನಿ ಎಂಬ ಮಾತನ್ನು ನಾವು ಒಬ್ಬ ವಿದ್ವಾಂಸರ ಹೆಸರಿಗೆ ಅಂಟಿಸಿ ಹೇಳುತ್ತೇವೆ. ಅವರ ಪಕ್ಕದಲ್ಲಿ ಇಪ್ಪತ್ತು ಮೂವತ್ತು ವರ್ಷ ಕೂತವರ ಕಿವಿಯೂ ಆ ಬಾನಿಯೊಳಗೆ ಸೇರಿದೆ ಎನ್ನುವುದನ್ನು ಮರೆಯುತ್ತೇವೆ.

1959ರ ಸೆಪ್ಟೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಊರಿಗೆ ಬಂದರು. ಅಪರಾತ್ರಿಯಲ್ಲಿ ಮಿಸೈಲ್ ರೂಮಿಗೆ ಹೋಗಿ ಕೇಳಿದರು. ಕೇಳಿದವರು ಸುಮ್ಮನಿರಲಾಗದೆ ನ್ಯೂಯಾರ್ಕಿನ ರಿವರ್‌ಸೈಡ್ ರೆಕಾರ್ಡ್ಸ್‌ನ ಆರಿನ್ ಕೀಪ್‌ನ್ಯೂಸ್ ಅವರಿಗೆ ಫೋನ್ ಮಾಡಿ, ಇವರ ಸಂಗೀತವನ್ನು ನೀವು ಮುದ್ರಿಸಲೇಬೇಕು ಎಂದು ಒತ್ತಾಯಿಸಿದರು. ಕೀಪ್‌ನ್ಯೂಸ್ ವಿಮಾನ ಹತ್ತಿ ಬಂದು, ತಾವೂ ಬೆಳಗಿನವರೆಗೆ ಕೂತು ಕೇಳಿ, ಒಪ್ಪಂದ ಮಾಡಿಕೊಂಡರು. ಅಕ್ಟೋಬರ್ 5 ಮತ್ತು 6ರಂದು ಅದೇ ಮೂವರು ನ್ಯೂಯಾರ್ಕಿನ ಸ್ಟುಡಿಯೊದಲ್ಲಿದ್ದರು. ವೆಸ್‌ಗೆ ಆಗ 36. ಒಬ್ಬ ಸಂಗೀತಗಾರರ ಏಳಿಗೆಗಾಗಿ ಇನ್ನೊಬ್ಬ ಸಂಗೀತಗಾರರು ಹೀಗೆ ಫೋನು ಹಿಡಿದು ನಿಲ್ಲುವುದು ನನಗೆ ಆ ಇಡೀ ಕತೆಯ ಇನ್ನೊಂದು ಅಚ್ಚರಿ. ಆಡರ್ಲಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಆ ರೆಕಾರ್ಡಿನ ಮೊದಲ ಹಾಡು 'ರೌಂಡ್ ಮಿಡ್‌ನೈಟ್'. ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ರಚನೆ. ಹೆಸರೇ ಹೇಳುವಂತೆ ನಡುರಾತ್ರಿಯದು. ಮುಂದೆ 1960ರ ಜನವರಿಯಲ್ಲಿ ಪಿಯಾನೊದ ಟಾಮಿ ಫ್ಲ್ಯಾನಗನ್, ಬಾಸಿನ ಪರ್ಸಿ ಹೀತ್, ಡ್ರಮ್ಮಿನ ಆಲ್ಬರ್ಟ್ ಹೀತ್ ಜೊತೆ ಮುದ್ರಿಸಿದ ರೆಕಾರ್ಡು ಅವರನ್ನು ಜಗತ್ತಿಗೆ ಪರಿಚಯಿಸಿತು. 'ಫೋರ್ ಆನ್ ಸಿಕ್ಸ್', 'ವೆಸ್ಟ್ ಕೋಸ್ಟ್ ಬ್ಲೂಸ್' ಅದರಲ್ಲಿವೆ, ಎರಡೂ ಅವರದೇ ರಚನೆ. ಅವರ ಸೋಲೋ ಬೆಳೆಯುವ ಕ್ರಮ ಅಲ್ಲಿ ನಿಚ್ಚಳವಾಗಿ ಕೇಳುತ್ತದೆ. ಮೊದಲು ಬಿಡಿ ಸ್ವರಗಳ ಸಾಲು. ಆಮೇಲೆ ಅದೇ ಮಾತು ಎರಡು ಸ್ಥಾಯಿಗಳ ಜೋಡಿದನಿಯಲ್ಲಿ. ಕೊನೆಗೆ ನಾಲ್ಕಾರು ಸ್ವರಗಳ ಗುಚ್ಛಗಳಲ್ಲಿ, ಒಂದಿಡೀ ತಂಡ ಒಬ್ಬರ ಕೈಯಲ್ಲಿ ಕೂತಂತೆ. ಮೊದಲು ಒಬ್ಬರು, ಬಳಿಕ ಇಬ್ಬರು, ಬಳಿಕ ಒಂದು ಮನೆ. ಅವರು ಹಾಗೆ ಯೋಚಿಸಿ ಮಾಡಿದರೆಂದು ನಾನು ಹೇಳಲಾರೆ. ನನಗೆ ಹಾಗೆ ಕೇಳುತ್ತದೆ.

1965ರಲ್ಲಿ ಅವರು ಯೂರೋಪಿಗೆ ಹೋದಾಗ ಟೆಲಿವಿಷನ್ನಿನವರು ತೆಗೆದ ಚಿತ್ರಗಳು ಈಗಲೂ ನೋಡಸಿಗುತ್ತವೆ. ನೆದರ್ಲೆಂಡ್ಸಿನದರಲ್ಲಿ ಅಲ್ಲಿನ ಪಿಮ್ ಜೇಕಬ್ಸ್ ಮತ್ತು ಸಂಗಡಿಗರು ಜೊತೆಗಿದ್ದಾರೆ. ಹೊಸಬರಿಗೆ ಹಾಡಿನ ಹಾದಿಯನ್ನು ವೆಸ್ ಗಿಟಾರಿನ ಮೇಲೆ ತೋರಿಸುತ್ತ, ನಗುತ್ತ, ಬಿಡಿಸಿ ಹೇಳುತ್ತಾರೆ. ಗುರು ಶಿಷ್ಯರೆಂಬ ಗತ್ತಿಲ್ಲ. ಹೊಸದಾಗಿ ಬಂದ ಸೊಸೆಗೆ ಅತ್ತೆ ಡಬ್ಬಿಗಳು ಎಲ್ಲೆಲ್ಲಿವೆ ಎಂದು ತೋರಿಸಿಕೊಡುವ ಹಾಗೆ. ಆಮೇಲೆ ಕ್ಯಾಮೆರಾ ಅವರ ಬಲಗೈ ಮೇಲೆ ನಿಲ್ಲುತ್ತದೆ. ಉಳಿದ ಬೆರಳುಗಳು ಗಿಟಾರಿನ ಮೈಗೆ ಊರಿಕೊಂಡಿವೆ. ಹೆಬ್ಬೆರಳೊಂದೇ ಹಿಂದಕ್ಕೆ ಬಾಗಿ, ಹುಲ್ಲುಗಾವಲಿನ ಮೇಲೆ ಗಾಳಿ ಹೋದಂತೆ ತಂತಿಗಳ ಮೇಲೆ ಹೋಗುತ್ತದೆ. ನಾನು ಆ ಕೆಲವು ನಿಮಿಷಗಳನ್ನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ.

ಕೊನೆಯ ವರ್ಷಗಳ ರೆಕಾರ್ಡುಗಳ ಬಗ್ಗೆ ರಸಿಕರಲ್ಲಿ ಜಗಳವಿದೆ. ನಿರ್ಮಾಪಕ ಕ್ರೀಡ್ ಟೇಲರ್ ಅವರ ಮಾರ್ಗದರ್ಶನದಲ್ಲಿ ಜನಪ್ರಿಯ ಹಾಡುಗಳು, ಹಿನ್ನೆಲೆಗೆ ಪಿಟೀಲುಗಳ ದೊಡ್ಡ ಮೇಳ, ಮುಂದೆ ಆ ಜೋಡಿಸ್ಥಾಯಿ. 'ಗೋಯಿಂಗ್ ಔಟ್ ಆಫ್ ಮೈ ಹೆಡ್'ಗೆ ಗ್ರ್ಯಾಮಿ ಬಂತು. 1967ರ 'ಎ ಡೇ ಇನ್ ದ ಲೈಫ್' ಜಾಝ್ ರೆಕಾರ್ಡುಗಳಿಗೆ ಕಂಡು ಕೇಳದಷ್ಟು ಮಾರಾಟವಾಯಿತು. ಎಂಟು ಜನರ ಸಂಸಾರವನ್ನು ಕಾರ್ಖಾನೆಯ ಕೂಲಿಯಲ್ಲಿ ಸಾಕಿದವರಿಗೆ ಹಣ ಬಂದದ್ದನ್ನು ನಾನು ದೂರಲಾರೆ. ಅವು ಕೇಳಲು ಹಿತವಾಗಿಯೂ ಇವೆ. ಆದರೆ ಆ ಮೇಳದ ಸ್ವರಗಳನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟಿರುತ್ತಾರೆ. ಹೆಬ್ಬೆರಳು ಏನು ಹೇಳಿದರೂ ಅದು ತಿರುಗಿ ಉತ್ತರ ಕೊಡುವುದಿಲ್ಲ. ಅದೇ 1965ರಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ವಿಂಟನ್ ಕೆಲಿ, ಪಾಲ್ ಚೇಂಬರ್ಸ್, ಜಿಮ್ಮಿ ಕಾಬ್ ಜೊತೆ ನುಡಿಸಿದ್ದನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ವೆಸ್ ಒಂದು ಮಾತು ಎಸೆಯುತ್ತಾರೆ, ಕೆಲಿಯವರ ಪಿಯಾನೊ ಅದನ್ನು ನೆಲ ಮುಟ್ಟುವ ಮೊದಲೇ ಹಿಡಿಯುತ್ತದೆ. ಎರಡರಲ್ಲೂ ಹೆಬ್ಬೆರಳು ಅದೇ. ದನಿಗೆ ಜೀವ ಬರುವುದು ಹಾಫ್ ನೋಟಿನಲ್ಲಿ.

ವೆಸ್ ಬದುಕಿದ್ದಾಗಲೇ ಅವರನ್ನು ಅನುಕರಿಸುವ ಹುಡುಗರು ಹುಟ್ಟಿಕೊಂಡಿದ್ದರು. ಆ ಹುಡುಗರಲ್ಲಿ ಒಬ್ಬರು ಮಿಸೂರಿಯ ಪ್ಯಾಟ್ ಮೆಥೀನಿ, ಮುಂದೆ ತಾವೇ ದೊಡ್ಡ ಹೆಸರಾದವರು. ಹದಿಹರೆಯದಲ್ಲಿ ಹೆಬ್ಬೆರಳು, ಜೋಡಿಸ್ಥಾಯಿ ಎಲ್ಲವನ್ನೂ ಕಲಿತು ವೆಸ್ ಅವರಂತೆಯೇ ನುಡಿಸುತ್ತಿದ್ದೆ, ಒಂದು ದಿನ ಅದನ್ನು ಬಿಟ್ಟುಬಿಟ್ಟೆ, ಅವರದ್ದನ್ನು ಅವರಿಗೇ ಬಿಡುವುದು ಗೌರವ ಎನಿಸಿತು ಎಂದು ಮೆಥೀನಿ ಹೇಳಿಕೊಂಡಿದ್ದಾರೆ. 440 ಕ್ಲಬ್ಬಿನಲ್ಲಿ ಕ್ರಿಶ್ಚಿಯನ್ ಅವರ ಸ್ವರ ಮುಗಿದ ಮೇಲೆ ಸುಮ್ಮನೆ ಕೂತ ಹುಡುಗ ನನಗೆ ಮತ್ತೆ ನೆನಪಾಗುವುದು ಇಲ್ಲಿ. ಇನ್ನೊಬ್ಬರದ್ದನ್ನು ಪೂರ್ತಿ ಪಡೆದು, ಪೂರ್ತಿ ಹಿಂದಿರುಗಿಸಿದ ಮೇಲೆ ಕೈ ಖಾಲಿಯಾಗುತ್ತದೆ. ಆ ಖಾಲಿ ಕೈಯನ್ನು ನೋಡುತ್ತ ಕೂರುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

1968ರ ಜೂನ್ 15ರಂದು ಇಂಡಿಯಾನಾಪೊಲಿಸ್ಸಿನ ತಮ್ಮ ಮನೆಯಲ್ಲೇ ವೆಸ್ ಹೃದಯಾಘಾತದಿಂದ ತೀರಿಕೊಂಡರು. 45 ವರ್ಷ. ರಿವರ್‌ಸೈಡ್‌ನ ಆ ಮೊದಲ ರೆಕಾರ್ಡಿನಿಂದ ಎಣಿಸಿದರೆ ಜಗತ್ತಿಗೆ ಅವರು ಸಿಕ್ಕಿದ್ದು ಒಂಬತ್ತು ವರ್ಷಕ್ಕಿಂತ ಕಡಿಮೆ. ಅದಕ್ಕೂ ಹಿಂದಿನದು, 1957 ಮತ್ತು 1958ರ ಸುಮಾರಿಗೆ ಊರಿನಲ್ಲೇ ಸೋದರರು, ರೈನ್ ಮುಂತಾದವರ ಜೊತೆ ಮುದ್ರಿಸಿದ ಟೇಪುಗಳು, ಎಷ್ಟೋ ಕಾಲ ಎಲ್ಲೋ ಬಿದ್ದಿದ್ದು 2012ರಲ್ಲಿ 'ಎಕೋಸ್ ಆಫ್ ಇಂಡಿಯಾನಾ ಅವೆನ್ಯೂ' ಹೆಸರಿನಲ್ಲಿ ಹೊರಬಂದವು. ಹೊರಗಿನ ಲೋಕ ಅವರ ಹೆಸರು ಕೇಳುವ ಮೊದಲು, ಹಗಲು ಕಾರ್ಖಾನೆ ಇರುಳು ಕ್ಲಬ್ಬು ಎಂದು ಓಡಾಡುತ್ತಿದ್ದ ದಿನಗಳ ಸಂಗೀತ ಅದು. ಅದರಲ್ಲಾಗಲೇ ಆ "ನಾನು" ಸ್ಪಷ್ಟವಾಗಿದೆ.

ನಿಮಗೆ ಜಾಝ್ ಪರಿಚಯ ಇಲ್ಲದಿದ್ದರೆ ಚಿಂತೆಯಿಲ್ಲ. 1959ರ ಆ 'ರೌಂಡ್ ಮಿಡ್‌ನೈಟ್' ಹುಡುಕಿ, ಮನೆಯವರೆಲ್ಲ ಮಲಗಿದ ಮೇಲೆ ಹಾಕಿಕೊಳ್ಳಿ. ಇಯರ್‌ಫೋನ್ ಬೇಡ. ಸ್ಪೀಕರಿನಲ್ಲೇ, ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣಗೆ ಇಡಿ. ಅಷ್ಟು ಸದ್ದು ಅದಕ್ಕೆ ಸಾಕು.